ಏಳು ಫೋನಿನ ತಂತಿ

ಈ ಚಹದ ಲೋಟ ಕೈಯಲ್ಲಿ ಹಿಡಿದು ಹೇಳುತ್ತೇನೆ: ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ನಾಳೆಯಿಂದ ನನ್ನ ಚಹದಲ್ಲಿ ಸಕ್ಕರೆ ಕರಗದಿರಲಿ.

ಹೀಗೆಂದು ನಾನು ಶುರು ಮಾಡಿದ್ದು ತೊಂಬತ್ತಾರನೆಯ ಇಸವಿಯಲ್ಲಿ, ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು, ಕಲ್ಯಾಣಮ್ಮನ ಹೋಟೆಲಿನ ಬೆಂಚಿನ ಮೇಲೆ. ಕೇಳುತ್ತಿದ್ದವರು ಕಲ್ಯಾಣಮ್ಮ ಮತ್ತು ಕೇಬಲ್ ಟಿವಿಯ ವೆಂಕೋಬ. ವೆಂಕೋಬ ತನ್ನ ಓಣಿಯ ನಲವತ್ತು ಮನೆಗಳಿಗೆ ವಾರಕ್ಕೊಮ್ಮೆ ಓಣಿಯವರದೇ ಭಜನೆ, ಓಣಿಯವರದೇ ಸುದ್ದಿ ತೋರಿಸುತ್ತಿದ್ದ.

"ಗೋಪಣ್ಣ, ಇದನ್ನ ಇಡೀ ಮಸ್ಕಿಗೆ ಕೊಡ್ಲೇನು? ಸಾವಿರ ಮನಿ ನೋಡ್ತಾವ," ಎಂದು ಕೇಳಿದ್ದ.

"ನನ್ನ ಕೇಳ್ತೀಯೇನು? ಕುಂದ್ರು ಹಂಗಾರ," ಎಂದು ಶುರು ಮಾಡಿದ್ದೆ.

ಹತ್ತು ವರ್ಷದ ಹಿಂದೆ ನಾನು ಜವಳಗೇರಾದಲ್ಲಿ ಕಾಲುವೆಯ ಗೇಜ್ ನೋಡುವ ಕೆಲಸದಲ್ಲಿದ್ದೆ. ನೀರು ಎಷ್ಟು ಅಡಿ ಇದೆ ಎಂದು ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಸಿಂಧನೂರಿನ ಆಫೀಸಿಗೆ ಹೇಳಬೇಕು. ಅದಕ್ಕೆಂದೇ ಕಾಲುವೆಯ ಉದ್ದಕ್ಕೂ ಒಂದು ತಂತಿ, ತಂತಿಗೆ ಏಳು ಫೋನು. ಫೋನಿನ ಹಿಡಿ ತಿರುವಿದರೆ ಏಳೂ ಕಡೆ ಗಂಟೆ ಹೊಡೆಯುತ್ತಿತ್ತು. ಒಬ್ಬ ಮಾತಾಡಿದರೆ ಆರು ಜನ ಕೇಳಬಹುದು. ಸಾಲಗುಂದದಲ್ಲಿ ಮುದುಕಪ್ಪ, ನಮ್ಮೆಲ್ಲರಿಗಿಂತ ಹಿರಿಯ. ಮಸ್ಕಿ ಕಡೆಗೆ ಕಾಲುವೆಯ ಕಟ್ಟಕಡೆಯ ತುದಿಯಲ್ಲಿ ದುರುಗಪ್ಪ. ಅಲ್ಲಿ ಅವನ ಶೆಡ್ ಬಿಟ್ಟರೆ ಬೇರೆ ಮನೆಯಿಲ್ಲ, ರಸ್ತೆಗೆ ಮೂರು ಮೈಲು. ದುರುಗಪ್ಪ ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಅವನ ಹೆಂಡತಿ ಶೇಖಮ್ಮ ಪಕ್ಕದಲ್ಲಿ ಕುಳಿತು ಫೋನಿಗೆ ಕಿವಿಕೊಡುತ್ತಿದ್ದಳು.

ಸಂಜೆ ಲೆಕ್ಕ ಹೇಳಿದ ಮೇಲೆ ಮುದುಕಪ್ಪ ಹಾಜರಿ ಕೂಗುತ್ತಿದ್ದ. ಅದನ್ನು ಆಫೀಸಿನವರು ಹೇಳಿದ್ದಲ್ಲ, ನಾವೇ ಮಾಡಿಕೊಂಡ ರೂಢಿ. "ಜವಳಗೇರಾ?" "ಹಾಜರ್!" ಹೀಗೆ ಏಳೂ ಊರು. ಯಾರಾದರೂ ಉತ್ತರ ಕೊಡದಿದ್ದರೆ ಪಕ್ಕದ ಫೋನಿನವ ಸೈಕಲ್ ಹತ್ತಬೇಕು. ಒಮ್ಮೆ ನಾನು ಜ್ವರದಲ್ಲಿ ಎಚ್ಚರತಪ್ಪಿ ಬಿದ್ದಾಗ ಮುಕ್ಕಾಲು ತಾಸಿನಲ್ಲಿ ಮನೆಯ ಮುಂದೆ ಸೈಕಲ್ ಬಂದು ನಿಂತಿತ್ತು.

ಹಾಜರಿ ಮುಗಿದ ಮೇಲೆ ನನ್ನ ಕಥೆ. ಗೇಜಿನ ಕೆಳಗೆ ಒಂದು ಮೀನು ಬಂದು ಕುಳಿತು ನೀರನ್ನು ನಾಲ್ಕು ಅಂಗುಲ ಏರಿಸುತ್ತಿದ್ದದ್ದು, ಅದಕ್ಕೆ ನಾನು ರಜೆ ಚೀಟಿ ಬರೆದುಕೊಟ್ಟು ಊರಿಗೆ ಕಳಿಸಿದ್ದು, ಅದು ರಜೆ ಮುಗಿಸಿ ಹೆಂಡತಿಯನ್ನೂ ಕರೆತಂದದ್ದು. ಕಥೆ ನಿಂತಲ್ಲಿ ತಂತಿಯ ಆ ತುದಿಯಿಂದ ಶೇಖಮ್ಮ, "ಆಮ್ಯಾಲೆ?" ಎನ್ನುತ್ತಿದ್ದಳು. ಆಮೇಲೆ ಏನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಅವಳು ಕೇಳಿದಳಲ್ಲ ಎಂದು ಮುಂದೆ ಹುಟ್ಟಿಸುತ್ತಿದ್ದೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಗೋಪಣ್ಣ ಯಾಕಾಗುತ್ತಿದ್ದೆ?

ಜವಳಗೇರಾದಲ್ಲಿ ಕರೀಮಾಬಿಯ ಚಹದಂಗಡಿ ನನ್ನ ಶೆಡ್ಡಿಗೆ ಅಂಟಿಕೊಂಡಿತ್ತು. ಒಂದು ದಿನ ಅವಳು, "ಗೋಪಣ್ಣ, ಗ್ವಾಡಿಗೆ ಕಿವಿ ಹಚ್ಚಿ ಹಚ್ಚಿ ನನ್ನ ಕಿವಿ ಸುಣ್ಣ ಆಗೈತಿ. ನನಗೂ ಒಂದು ಫೋನ್ ಹಾಕು," ಎಂದಳು. ಸಿಂಧನೂರಿನ ಗುಜರಿಯಲ್ಲಿ ಹಳೆಯ ಫೋನೊಂದು ಸಿಕ್ಕಿತು. ಎರಡು ತುಂಡು ತಂತಿ ಸಿಕ್ಕಿಸಿದೆ, ಎಂಟನೆಯ ಫೋನಾಯಿತು. ಅಂಗಡಿಯ ಗಿರಾಕಿಗಳು ಸರದಿಯಲ್ಲಿ ನಿಂತು ಕೇಳಿದರು. ನೋಡಿದ ಅಕ್ಕಿ ಮಿಲ್ಲಿನವರು ತಮಗೂ ಬೇಕೆಂದರು. ಆಮೇಲೆ ಗೊಬ್ಬರದಂಗಡಿ, ಕಟಿಂಗ್ ಶಾಪು. ಬೇರೆ ಗೇಜಿನವರೂ ತಮ್ಮ ತಮ್ಮ ಊರಲ್ಲಿ ಟಿಸಿಲು ಎಳೆದರು. ಆರು ತಿಂಗಳಿಗೆ ನಲವತ್ತು ಫೋನು. ಸಂಜೆಯಾದರೆ ಎತ್ತುಗಳು ಕೂಡ ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಒಂದು ಎತ್ತು ತಪ್ಪಾದ ಜಾಗದಲ್ಲಿ ನಕ್ಕಿತೆಂದು ಅದರ ಯಜಮಾನ ಅದನ್ನು ಸಂತೆಯಲ್ಲಿ ಮಾರಿಬಿಟ್ಟ.

ಇಲ್ಲಿ ಕಲ್ಯಾಣಮ್ಮ ನಕ್ಕಳು. ನಾನು ನಗಲಿಲ್ಲ.

ಆ ತಂತಿಯ ಗುಣ ಒಂದಿತ್ತು. ಎತ್ತಿದ ಪ್ರತಿ ಫೋನೂ ದನಿಯನ್ನು ಒಂದೊಂದು ಗುಟುಕು ಕುಡಿಯುತ್ತಿತ್ತು, ಎತ್ತಿದ ಫೋನಿನಲ್ಲಿ ಗಂಟೆಯೂ ಹೊಡೆಯುತ್ತಿರಲಿಲ್ಲ. ಏಳು ಫೋನಿದ್ದಾಗ ಶೇಖಮ್ಮನ ಬಳೆಯ ಸದ್ದೂ ಕೇಳುತ್ತಿತ್ತು. ನಲವತ್ತಾದ ಮೇಲೆ ಒದರಿದವನ ಮಾತು ಮಾತ್ರ ಕೇಳಿಸಿತು. ನನಗೆ ಒದರುವುದು ಹುಟ್ಟಿನಿಂದ ಬಂದದ್ದು.

ಮುದುಕಪ್ಪ ಒಂದು ದಿನ ಬಸ್ಸು ಹತ್ತಿಕೊಂಡು ನನ್ನ ಶೆಡ್ಡಿಗೇ ಬಂದ.

"ಲೇ ಗೋಪಣ್ಣ, ಆ ಟಿಸಿಲೆಲ್ಲಾ ಕಿತ್ತು ಹಾಕು. ನಮ್ಮ ಏಳು ಮಂದೀದು ನಮಗಿರಲಿ."

"ಯಾಕಪಾ ಮುದುಕಪ್ಪಣ್ಣ? ಊರಾಗಿನ ಮಂದಿ ನಗಾಕತ್ತಾರ. ನಕ್ರ ನಿನಗೇನು ಹೊಟ್ಟಿಬ್ಯಾನಿ?"

"ನಗಲಿ ಬಿಡು. ದುರುಗಪ್ಪನ ದನಿ ಕೇಳಿ ಎಷ್ಟು ದಿನ ಆತು? ಹೇಳು ನೋಡೋಣು."

"ಜೋರು ಮಾತಾಡು ಅಂತ ಹೇಳು ಅವಂಗ."

"ಅಂವ ಜೋರು ಮಾತಾಡೋ ಮನಷ್ಯಾ ಏನಲೇ?" ಎಂದ ಮುದುಕಪ್ಪ. ಚಹ ಕುಡಿಯದೆ ಹೋದ.

ಹಾಜರಿಯೂ ಆ ತಿಂಗಳೇ ನಿಂತಿತು. ಮಿಲ್ಲಿನವರು, "ಅದೇನು ಸಾಲಿ ಹುಡುಗರಂಗ ದಿನಾ ಹೆಸರು ಕೂಗ್ತೀರಿ? ಕಥಿ ಹೇಳ್ರಿ," ಎಂದರು. ನಲವತ್ತು ಜನ ಕಾಯುತ್ತಿರುವಾಗ ಏಳು ಹೆಸರು ಕೂಗುವುದು ನನಗೂ ಬೇಸರ ಅನ್ನಿಸಿತು. ಮುದುಕಪ್ಪ "ಜವಳಗೇರಾ?" ಎಂದು ಶುರು ಮಾಡಿದಾಗ ನಾನು ಅವನ ಮಾತಿನ ಮೇಲೇ ಕಥೆ ಎತ್ತಿದೆ. ಮೂರು ದಿನ ಹಾಗೆ ಮಾಡಿದೆ. ನಾಲ್ಕನೆಯ ದಿನ ಅವನು ಕೂಗಲಿಲ್ಲ.

ಭತ್ತದ ಕೊಯ್ಲಿನ ಕಾಲ. ಒಂದು ಸಂಜೆ ಮೀನಿನ ಹೆಂಡತಿಯ ಸೀಮಂತದ ಕಥೆ ನಡೆದಿತ್ತು. ನಡುವೆ ತಂತಿಯಲ್ಲಿ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ನಿಂತಿತು. ಮತ್ತೆ ಗುಂಯ್‌ಗುಟ್ಟಿತು.

"ಯಾವುದೋ ಸೊಳ್ಳಿ ಲೈನಿಗೆ ಬಂದೈತಿ, ಅದಕ್ಕೂ ಸೀಮಂತದ ಊಟ ಬೇಕಂತ," ಎಂದೆ.

ನಲವತ್ತು ಫೋನು ಒಮ್ಮೆಗೇ ನಕ್ಕವು. ಅಷ್ಟು ದೊಡ್ಡ ನಗು ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ, ಊರಿನ ಫೋನುಗಳೆಲ್ಲ ಇನ್ನೂ ಮಲಗಿದ್ದಾಗ, ಕಾಲುವೆ ತುದಿಯ ಲೆಕ್ಕ ಬರಲಿಲ್ಲ. ಮುದುಕಪ್ಪ ಸೈಕಲ್ ಹತ್ತಿದ. ನನಗೆ ಗೊತ್ತಾದದ್ದು ಮಧ್ಯಾಹ್ನ, ದುರುಗಪ್ಪ ಶೆಡ್ಡಿಗೆ ಮರಳಿದ ಮೇಲೆ, ಮುದುಕಪ್ಪ ಅವನ ಫೋನಿನಿಂದಲೇ ಹೇಳಿದಾಗ. ಹಿಂದಿನ ಸಂಜೆ ಶೇಖಮ್ಮನಿಗೆ ಗದ್ದೆಯಲ್ಲಿ ಹಾವು ಕಡಿದಿತ್ತು. ದುರುಗಪ್ಪ ಮೊದಲು ಫೋನಿಗೆ ಓಡಿದ್ದ, ಯಾಕೆಂದರೆ ನಾವಿದ್ದೇವೆ ಎಂದು. ಆಮೇಲೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ, ತನ್ನ ಸೊಂಟಕ್ಕೆ ಧೋತರದಿಂದ ಕಟ್ಟಿಕೊಂಡು, ಮಸ್ಕಿಗೆ ತುಳಿದ. ಅಲ್ಲಿಂದ ಒಂದು ಲಾರಿಯಲ್ಲಿ ಲಿಂಗಸುಗೂರಿಗೆ. ದವಾಖಾನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಉಸಿರಿರಲಿಲ್ಲ.

"ಹತ್ತು ಸಲ ಒದರಿದ್ನಂತ ಲೇ," ಎಂದ ಮುದುಕಪ್ಪ. "ಕಡೀಕ ಏನು ಕೇಳಿಸ್ತು ಅಂತ ಕೇಳಿದೆ. ನೀವೆಲ್ಲಾ ನಗೋದು ಕೇಳಿಸ್ತು ಅಂದ."

ಅದೇ ದಿನ ಇಕ್ಕಳ ಹಿಡಿದು ಹೊರಟೆ. ಕರೀಮಾಬಿಯ ತಂತಿ ಮೊದಲು ಕತ್ತರಿಸಿದೆ, ಅವಳೇ ಸ್ಟೂಲು ಹಿಡಿದಳು. ವಾರದಲ್ಲಿ ಮತ್ತೆ ಏಳು ಫೋನು ಉಳಿದವು. ದನಿ ಹಿಂದಿನ ಹಾಗೆ ತಿಳಿಯಾಯಿತು. ಮುದುಕಪ್ಪ ಮತ್ತೆ ಹಾಜರಿ ಶುರು ಮಾಡಿದ. ಕೊನೆಯ ಹೆಸರು ಕೂಗಿದಾಗ ಆ ಕಡೆ ಫೋನು ಎತ್ತಿದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ದುರುಗಪ್ಪ ಎತ್ತುತ್ತಿದ್ದ. ಹಾಜರ್ ಎನ್ನುತ್ತಿರಲಿಲ್ಲ. ನಾನೂ ಕಥೆ ಹೇಳಲಿಲ್ಲ. ಎಷ್ಟೋ ಸಂಜೆ ಏಳು ಜನ ಫೋನು ಕಿವಿಗಿಟ್ಟುಕೊಂಡು ಸುಮ್ಮನೆ ಕುಳಿತಿದ್ದೇವೆ.

ಇಷ್ಟು ಹೇಳಿ ನಿಲ್ಲಿಸಿದೆ. ವೆಂಕೋಬ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಪಾಮನಕಲ್ಲೂರಿನ ಬಸ್ಸಿನಿಂದ ಇಳಿದವನೊಬ್ಬ ಹೋಟೆಲಿನೊಳಗೆ ಬಂದ. ದುರುಗಪ್ಪ. ಕೂದಲೆಲ್ಲ ಬೆಳ್ಳಗಾಗಿತ್ತು. ಕಲ್ಯಾಣಮ್ಮನಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಚಹ ಕೊಟ್ಟು, "ಬರ್ರಿ ಯಜಮಾನ್ರ, ಗೋಪಣ್ಣ ಕಾಲುವಿ ಫೋನಿನ ಕಥಿ ಹೇಳಾಕತ್ತಾನ," ಎಂದಳು.

ದುರುಗಪ್ಪ ನನ್ನನ್ನು ನೋಡಿದ. "ಎಲ್ಲೀತನಕ ಬಂತು?" ಎಂದ, ಅದೇ ಸಣ್ಣ ದನಿಯಲ್ಲಿ.

"ಆ ಸಂಜೀತನಕ," ಎಂದೆ.

"ಹೇಳು. ನಿನ್ನ ಬಾಯಿಲೆ ನಾ ಕೇಳಿಲ್ಲ."

ಅವನು ಎದುರಿಗೇ ಕುಳಿತ. ಸೊಳ್ಳೆ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬೇರೇನೋ ಹೊರಟಿತು.

"ನಿನ್ನ ದನಿ ಕೇಳಿಸ್ತು ದುರುಗಪ್ಪ, ಸಾಫ್ ಕೇಳಿಸ್ತು," ಎಂದೆ. "ನಾ ಅಂದೆ, ಎಲ್ಲಾರೂ ಫೋನ್ ಇಡ್ರಿ, ನಮ್ಮ ಶೇಖಮ್ಮಗ ಹಾವು ಕಡದೈತಿ. ನಲವತ್ತೂ ಮಂದಿ ತಟ್ಟನ ಇಟ್ರು. ಮಿಲ್ಲಿನವರು ಜೀಪ್ ತೆಗೆದ್ರು. ಲಿಂಗಸುಗೂರು ಡಾಕ್ಟರು ಸೂಜಿ ಮಾಡಿ, ಹೆದರಬ್ಯಾಡ್ರಿ ಅಂದ್ರು."

ವೆಂಕೋಬ ಬಾಯಿ ತೆರೆದು ನನ್ನನ್ನೇ ನೋಡಿದ. ದುರುಗಪ್ಪ ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟ.

"ಮುಂಜಾನಿ ಆಕಿ ಎದ್ದು ಕುಂತ್ಲು. ಹಸಿವು ಅಂದ್ಲು. ನೀ ಇಡ್ಲಿ ತಂದಿ. ನಾವು ಆರೂ ಮಂದಿ ದವಾಖಾನಿ ಹೊರಗ..."

ಅವನು ಎದ್ದ. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಮೆಟ್ಟಿಲಿಳಿದ.

"ಹೊರಗ ಬೇವಿನ ಗಿಡದ ಬುಡಕ ಕುಂತಿದ್ವಿ, ಮುದುಕಪ್ಪ ಹಾಜರಿ ಕೂಗಿದ, ನೀ ಒಳಗಿಂದ ಶೇಖಮ್ಮನ ಕೈ ಹಿಡಕೊಂಡು ಬಂದು ಹಾಜರ್ ಅಂದಿ..." ಅವನು ರಸ್ತೆ ದಾಟಿ ಹೋದ ಮೇಲೂ ನಾನು ಒದರುತ್ತಲೇ ಇದ್ದೆ.