ಅರ್ಧ ಮಾತ್ರೆ

ಅಡಕತ್ತರಿಯ ಬಾಯಿಗೆ ನೀಲಿ ಪುಡಿ ಅಂಟಿತ್ತು.

ಕರ್ಮಗಳೆಲ್ಲ ಮುಗಿದು, ನೆಂಟರು ಹೊರಟುಹೋಗಿ, ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ ಮೊದಲ ಬೆಳಗು ಅದು. ನನ್ನ ಗಂಡ ವಾಮನನ ಅಂಗಿಗಳನ್ನು ತೆಗೆಯುತ್ತಿದ್ದಾಗ, ಕಪಾಟಿನ ಹಿಂಬದಿಯಲ್ಲಿ ಕರವಸ್ತ್ರ ಸುತ್ತಿದ ಅಡಕತ್ತರಿ ಸಿಕ್ಕಿತು. ಪಕ್ಕದ ಮನೆಯ ತುಂಗಕ್ಕನದು. ಜೊತೆಗೊಂದು ಮಾತ್ರೆಯ ಸ್ಟ್ರಿಪ್, ತುಂಡರಿಸಿದ ಅರ್ಧ ಮಾತ್ರೆ. ವಾಮನ ಎಲೆಅಡಿಕೆ ಹಾಕುತ್ತಿರಲಿಲ್ಲ.

ಸ್ಟ್ರಿಪ್ಪನ್ನು ಔಷಧದಂಗಡಿಗೆ ಒಯ್ದೆ. ಅಂಗಡಿಯವರು ದನಿ ತಗ್ಗಿಸಿದರು.

"ಇದು ಗಂಡಸ್ತನಕ್ಕೆ ತಗೊಳ್ಳೋ ಮಾತ್ರೆ ಕಣಮ್ಮ. ನಿಮ್ಮನೆಯವರು ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಕೋತಿದ್ರಲ್ಲ?"

"ಹೌದು. ಅದಕ್ಕೇ ಇದನ್ನ ಅರ್ಧ ಮಾಡ್ಕೊಂಡಿರಬೇಕು."

"ಅರ್ಧ ಅಲ್ಲ, ಚೂರೂ ತಗೋಬಾರದು. ಎರಡೂ ಸೇರಿದ್ರೆ ಬಿ.ಪಿ. ಪಾತಾಳಕ್ಕಿಳಿಯುತ್ತೆ. ಯಾವ ಡಾಕ್ಟರು ಕೊಟ್ರು?"

ಯಾರೂ ಕೊಟ್ಟಿರಲಾರರು. ಕೇಳಲು ಅವನು ನಾಚಿರಬೇಕು. ನನಗೂ ಹೇಳಿರಲಿಲ್ಲ.

ವಾಮನ ತೀರಿಕೊಂಡ ಆ ಸಂಜೆ ಅತ್ತೆ ಯಾರದೋ ಸೀಮಂತ ಮುಗಿಸಿ ಬಂದಿದ್ದರು. "ಕಂಡವರ ಸೀಮಂತದೂಟ ಉಂಡದ್ದೇ ಆಯ್ತು. ಈ ಮನೇಲಿ ಯಾವಾಗಮ್ಮ? ಓದಿ ಓದಿ ಒಡಲು ಒಣಗಿಹೋಯ್ತೇನೋ!" ವಾಮನ ತಲೆ ಎತ್ತದೆ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಹೊರಬಂದ. ಅತ್ತೆ ಅವನ ಎದೆಯ ಮಾತ್ರೆ ಹಿಡಿದು ಓಡಿಬಂದರು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಬೇಡ ಬೇಡವೆಂದು ಕೈಯಾಡಿಸಿದ.

"ಹಟ ಮಾಡ್ಬೇಡ ಕಣೋ, ನನ್ನಪ್ಪಾ, ಬಾಯಿ ತೆಗಿ."

ಯಾಕೆ ಬೇಡವೆಂದು ಅಮ್ಮನೆದುರು ಹೇಳಲಾರದೆ ಅವನು ಬಾಯಿ ತೆರೆದ.

ಅಂಗಡಿಯಿಂದ ಬಂದು ಅಡಕತ್ತರಿಯನ್ನು ತೊಳೆದೆ. ಜಗಲಿಯಲ್ಲಿ ಅತ್ತೆ ತುಂಗಕ್ಕನಿಗೆ ಹೇಳುತ್ತಿದ್ದರು: "ಇವಳ ಕಾಲ್ಗುಣ ನೋಡು. ಮಗು ಕೊಡಲಿಲ್ಲ, ನನ್ನ ಮಗನನ್ನೂ ಉಳಿಸಲಿಲ್ಲ."

ಅವರ ಬಾಯಿ ಮುಚ್ಚಿಸಲು ನನ್ನದೊಂದು ಮಾತು ಸಾಕಿತ್ತು. ಆದರೆ ಅದು ವಾಮನ ಪ್ರಾಣ ಕೊಟ್ಟು ಮುಚ್ಚಿಟ್ಟ ಮಾತು. ಅಡಕತ್ತರಿಯನ್ನು ತುಂಗಕ್ಕನ ಮುಂದಿಟ್ಟು, "ಅವರ ಕಪಾಟಿನಲ್ಲಿತ್ತು," ಎಂದೆ.

"ಅಯ್ಯೋ, ಎಲ್ಲೆಲ್ಲಿ ಹುಡುಕಿದೆ ಇದನ್ನ! ವಾಮನ ಯಾಕೆ ಒಯ್ದಿದ್ನೇ?"

"ಅಡಿಕೆಗೆ."

"ನನ್ನ ಮಗ ಅಡಿಕೆ ಮುಟ್ಟಿದವನಲ್ಲ," ಎಂದರು ಅತ್ತೆ.

"ನಿಮ್ಮೆದುರು ಮುಟ್ಟುತ್ತಿರಲಿಲ್ಲ, ಅತ್ತೆ."

ತುಂಗಕ್ಕ ಅಡಿಕೆಯೊಂದನ್ನಿಟ್ಟು ಒತ್ತಿದರು. ಕಟ್ಟೆಂದು ಎರಡು ಹೋಳಾಯಿತು. ಅರ್ಧವನ್ನು ಅತ್ತೆಯ ಅಂಗೈಗೆ ಹಾಕಿದರು. ಎಷ್ಟು ತಿಕ್ಕಿದ್ದರೂ ಅಲಗಿನ ಬುಡದಲ್ಲಿ ನೀಲಿಯ ಗೆರೆಯೊಂದು ಉಳಿದಿತ್ತು.