ಕರೀ ಸೀರೆಯ ಸಾಕ್ಷಿ

ನಾನು ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ. ಬಣ್ಣ ಕಡುಗೆಂಪು, ಅಂಚು ಸಣ್ಣ ಜರಿಯದು. ನನ್ನನ್ನು ನೇಯ್ದ ಗಂಡಹೆಂಡಿರು ಮಗ್ಗದಿಂದ ಇಳಿಸಿದ ದಿನ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿದರು. ಇಂಥ ಕೆಂಪು ಮತ್ತೆ ಬರಲಿಕ್ಕಿಲ್ಲ ಎಂದುಕೊಂಡರು. ಕೇಳಿ ನನಗೆ ಜಂಬ ಬಂತು. ಅದನ್ನು ಇಳಿಸಲು ಸಿನಿಮಾದವರೇ ಬೇಕಾಯಿತು.

ಮೈಸೂರಿನ ಜವಳಿ ಅಂಗಡಿಯಿಂದ ನನ್ನನ್ನು ಕೊಂಡವಳು ನಟಿ ಅಂಬುಜಾಕ್ಷಿ. ಆಗೆಲ್ಲ ಕಪ್ಪು-ಬಿಳುಪು ಚಿತ್ರಗಳ ಕಾಲ. ಅವಳದು ಗಂಡನಿಗೆ ವಿಷ ಹಾಕುವ ಹೆಂಗಸಿನ ಪಾತ್ರ. ನಿಜವಾದ ಕಪ್ಪು ಸೀರೆ ತೆರೆಯ ಮೇಲೆ ಮಸಿ ಬಳಿದ ಹಾಗೆ ಕಾಣುತ್ತದೆ, ಕಡುಗೆಂಪೇ ಚೆನ್ನಾಗಿ ಕಪ್ಪಾಗುತ್ತದೆ ಎಂದು ಕ್ಯಾಮೆರಾದವರು ಹೇಳಿದ್ದರು. ಹಾಗೆಯೇ ಆಯಿತು. ಚಿತ್ರ ಬಂದ ಮೇಲೆ ಊರೆಲ್ಲ ಅವಳನ್ನು 'ಕರೀ ಸೀರೆ ಅಂಬುಜಾಕ್ಷಿ' ಎಂದೇ ಕರೆಯಿತು. ನನ್ನ ಹೊಟ್ಟೆ ಉರಿಯಿತು. ಬೀರುವಿನೊಳಗೆ ಬಿದ್ದವರ ಹೊಟ್ಟೆಯುರಿ ಕೇಳುವವರು ಯಾರು.

ಮನೆಯಲ್ಲಿದ್ದವರು ಅವಳು ಮತ್ತು ಅವಳ ಚಿಕ್ಕ ತಂಗಿ ಕೋಮಲ, ಇಬ್ಬರೇ. ತಾಯಿಯಿಲ್ಲದ ಹುಡುಗಿಯನ್ನು ಅಂಬುಜಾಕ್ಷಿ ಸ್ಟುಡಿಯೋದ ಗಾಳಿ ಸೋಕದಂತೆ ಬೆಳೆಸಿದ್ದಳು. ನಿರ್ಮಾಪಕ ಸಂಪಂಗಿರಾಯನ ಕಣ್ಣು ಆ ಹುಡುಗಿಯ ಮೇಲೆ ಬಿತ್ತು. ಒಂದು ದಿನ ಮನೆಗೇ ಬಂದು, ಎಲೆಅಡಿಕೆ ಮೆಲ್ಲುತ್ತ ಹೇಳಿದ.

"ಮುಂದಿನ ಪಿಕ್ಚರ್‌ಗೆ ನಿನ್ನ ತಂಗೀನೇ ಹೀರೋಯಿನ್ನು. ನಾಡಿದ್ದು ಬಂಗಲೆಗೆ ಕಳಿಸು, ಮಾತಾಡ್ಬೇಕು. ನೀನು ಕಳಿಸ್ದೆ ಇದ್ರೆ ನಾನೇ ಕಾರು ಕಳಿಸ್ತೀನಿ."

"ಅವಳಿನ್ನೂ ಚಿಕ್ಕವಳು ರಾಯರೇ," ಎಂದಳು ಅಂಬುಜಾಕ್ಷಿ.

"ನೀನೂ ಚಿಕ್ಕವಳೇ ಇದ್ದೆ," ಎಂದು ನಕ್ಕು ಹೋದ.

ಮರುದಿನ ಸಂಜೆ ಕೋಮಲ ಸಂಗೀತ ಪಾಠಕ್ಕೆ ಹೋದ ಮೇಲೆ ಅಕ್ಕ ಬೀರು ತೆಗೆದಳು. ನನ್ನ ಪಕ್ಕದಲ್ಲಿದ್ದ ನೀಲಿ ಹತ್ತಿ ಸೀರೆ ಉಟ್ಟು ಹೊರಟಳು. ತಂಗಿ ಬರುವ ಮುಂಚೆ ತಾನು ಬಂದಳು. ಬಚ್ಚಲೊಲೆ ಹೊತ್ತಿಕೊಂಡಿತು, ಹತ್ತಿ ಸುಟ್ಟ ವಾಸನೆ ಬೀರುವಿನ ಸಂದಿಯೊಳಗೂ ಬಂತು. ನೀಲಿ ಸೀರೆಯನ್ನು ನಾನು ಮತ್ತೆ ಕಾಣಲಿಲ್ಲ. ಸಂಪಂಗಿರಾಯ ತನ್ನ ಮಹಡಿ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತುಬಿದ್ದಿದ್ದಾನೆಂದು ಬೆಳಿಗ್ಗೆ ಹಾಲಿನವನು ಹೇಳಿ ಹೋದ.

ಇನ್ಸ್‌ಪೆಕ್ಟರರಿಗೆ ಮೊದಲಿನಿಂದಲೂ ಅನುಮಾನ ಅಂಬುಜಾಕ್ಷಿಯ ಮೇಲೆಯೇ. ಅನುಮಾನವೇನೋ ಸರಿಯಾದ ಬಾಗಿಲಿಗೇ ಬಂದಿತ್ತು, ಆದರೆ ಕಣ್ಣಾರೆ ಕಂಡವರಿರಲಿಲ್ಲ. ಆ ಸಂಜೆ ಹೆಂಡದಂಗಡಿಯಲ್ಲಿದ್ದ ಬಂಗಲೆಯ ಕಾವಲುಗಾರ ಮಾದಪ್ಪನನ್ನು ಹಿಡಿದು, ಹೆದರಿಸಿ, ಸಾಕ್ಷಿ ಮಾಡಿದರು. ಅವನು ಕೋರ್ಟಿನಲ್ಲಿ ಕೈಮುಗಿದು ಹೇಳಿದ.

"ನೋಡ್ದೆ ಬುದ್ಧಿ. ಪಿಕ್ಚರಲ್ಲಿ ಉಟ್ಕಂಡಿದ್ರಲ್ಲ, ಅದೇ ಕರೀ ಸೀರೆ. ಅದ್ನೇ ಉಟ್ಕಂಡು ಮೆಟ್ಲಿಳ್ದು ಓಡೋದ್ರು."

ಕಟಕಟೆಯಲ್ಲಿದ್ದ ಅಂಬುಜಾಕ್ಷಿ ವಕೀಲರನ್ನು ಹತ್ತಿರ ಕರೆದು ಪಿಸುಗುಟ್ಟಿದಳಂತೆ, "ಆ ಸೀರೆ ತರಿಸಿ."

ಕೋಮಲ ನನ್ನನ್ನು ಗಂಟು ಕಟ್ಟಿಕೊಂಡು ಬಂದಳು. ಅಕ್ಕನಿಗೆ ಗಲ್ಲಾದರೆ ಈ ಹುಡುಗಿಯನ್ನು ಕಾಯುವವರು ಯಾರೂ ಇರಲಿಲ್ಲ. ಸಂಪಂಗಿರಾಯನಂಥವರು ಊರಲ್ಲಿ ಇನ್ನೂ ಬೇಕಾದಷ್ಟಿದ್ದರು. ನನಗೆ ಬಾಯಿ ಇದ್ದಿದ್ದರೆ ನೀಲಿ ಸೀರೆಯ ಸುದ್ದಿಯನ್ನೂ ಹೇಳಬೇಕಾಗುತ್ತಿತ್ತು. ಬಾಯಿಲ್ಲದ್ದು ಅವತ್ತು ಒಳ್ಳೆಯದೇ ಆಯಿತು.

ವಕೀಲರು ಕಿಟಕಿಯ ಬಳಿ ನನ್ನನ್ನು ಬಿಡಿಸಿ ಹಿಡಿದರು. ಕೋರ್ಟೆಲ್ಲ ಗುಜುಗುಜು ಎಂದಿತು. ಎಲ್ಲರೂ ಆ ಚಿತ್ರ ನೋಡಿದವರೇ, ನ್ಯಾಯಾಧೀಶರೂ ಸೇರಿ.

"ಇದೇ ಸೀರೆಯೇನಮ್ಮ?" ಎಂದು ಕೋಮಲಳನ್ನು ಕೇಳಿದರು.

"ಇದೇ ಸ್ವಾಮಿ. ಅಕ್ಕ ಪಿಕ್ಚರಲ್ಲಿ ಉಟ್ಟಿದ್ದು ಇದೇ."

ಕ್ಯಾಮೆರಾದವರೂ ಬಂದು ಹೌದೆಂದರು. ವಕೀಲರು ಕಾವಲುಗಾರನತ್ತ ತಿರುಗಿದರು. "ಇದು ಕಪ್ಪೇನಪ್ಪ?" ಮಾದಪ್ಪ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ನೆಲ ನೋಡಿದರು. ಆಮೇಲೆ ಅವನು ಒಂದೊಂದೇ ಮಾತು ಬಿಡುತ್ತ, ತಾನು ಅಂದು ಗೇಟಿನ ಬಳಿಯೇ ಇರಲಿಲ್ಲವೆಂದು ಒಪ್ಪಿಕೊಂಡ.

ಅಂಬುಜಾಕ್ಷಿ ಬಿಡುಗಡೆಯಾದಳು. ಮತ್ತೆಂದೂ ಬಣ್ಣ ಹಚ್ಚಲಿಲ್ಲ. ತಂಗಿಯನ್ನು ಓದಿಸಿ, ಒಳ್ಳೆಯ ಮನೆ ಸೇರಿಸಿದಳು. ಆದರೆ ಬೀರು ತೆರೆದಾಗಲೆಲ್ಲ ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಅವಳನ್ನು ಸಮಾಧಾನ ಮಾಡಲಾರದೆ ನಾನು ಸಂಕಟಪಟ್ಟದ್ದು ಅಷ್ಟಿಷ್ಟಲ್ಲ. ಹಾಗೆಯೇ ಕೊರಗಿ ತೀರಿಕೊಂಡಳು.

ನಾನೀಗ ಕೋಮಲಳ ಟ್ರಂಕಿನಲ್ಲಿದ್ದೇನೆ. ಜರಿ ಕಪ್ಪಿಟ್ಟಿದೆ, ಮೈ ಅಲ್ಲಲ್ಲಿ ಸೀಳಿದೆ. ಮಡಿಕೆಯಲ್ಲಿ ಹರಿಯದಿರಲೆಂದು ಅವಳು ಆಗಾಗ ತೆಗೆದು ಮಡಿಕೆ ಬದಲಿಸುತ್ತಾಳೆ. ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು.

"ನಮ್ಮಕ್ಕ ಇರುವೆ ಸಾಲು ಕಂಡ್ರೂ ಸುತ್ತಿಕೊಂಡು ಹೋಗೋಳು," ಎಂದಳು ಕೋಮಲ. "ಅಂಥವಳ ಮೇಲೆ ಕೊಲೆ ಕೇಸು ಹಾಕಿದ್ರು ನೋಡು."

"ಹಾಗಾದ್ರೆ ಅವನ್ನ ಕೊಂದೋರು ಯಾರಜ್ಜಿ?"

ಕೋಮಲ ನನ್ನ ಸೆರಗನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ನಿಧಾನವಾಗಿ ಸವರಿದಳು.

"ಯಾರೋ ಪುಣ್ಯಾತ್ಮರು," ಎಂದಳು.

ಬದುಕಿರುವಾಗ ಅಂಬುಜಾಕ್ಷಿಗೆ ಈ ಮಾತನ್ನು ಯಾರೂ ಹೇಳಲಿಲ್ಲ.