ಹಿಂದಿನ ಸೀಟಿನ ಮೇಷ್ಟ್ರು

“ಕ್ಲಚ್ಚು ಯಾವ ಕಾಲಿಗೆ ಬರುತ್ತೆ?”

ಹೆಂಡತಿ ಒಲೆ ಆರಿಸಿ ಗಂಡನ ಮುಖ ನೋಡಿದಳು. “ಇರಿ ರೀ, ಹಿಂಗೆ ದಿಢೀರ್ ಅಂತ ಕೇಳಿದ್ರೆ ಹೆಂಗೆ ಹೇಳ್ಲಿ?”

“ಬ್ರೇಕು?”

“ಕಾಲಿಗೆ ಗೊತ್ತು. ಬಾಯಿಗೆ ಬರಲ್ಲ.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಲೆಕ್ಕದ ಮೇಷ್ಟ್ರು ಅವರು. ಕೈಕಟ್ಟಿ ನಿಂತು ಗಡಗಡ ಒಪ್ಪಿಸಿದವನಿಗೆ ಮಾತ್ರ ವಿದ್ಯೆ ಬಂದಿದೆ ಅನ್ನುವ ನಂಬಿಕೆಯಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ದಿನಾ ಬೆಳಗ್ಗೆ ಡ್ರೈವಿಂಗ್ ಕ್ಲಾಸು ಅಂತ ಹೋಗಿಬರುವ ಹೆಂಗಸಿಗೆ ಕ್ಲಚ್ಚು ಯಾವ ಕಾಲಿಗೆ ಅಂತ ಹೇಳಲಿಕ್ಕೆ ಬರುವುದಿಲ್ಲ ಅಂದರೆ ಏನರ್ಥ? ಸೋಮವಾರ ಟೆಸ್ಟು. ಪಾಸಾದರೆ ಶಿಶುವಿಹಾರದ ವ್ಯಾನು ಓಡಿಸುವ ಕೆಲಸ ಅವಳಿಗೇ ಎಂದು ಅಲ್ಲಿನ ಮೇಡಂ ಮಾತು ಕೊಟ್ಟಿದ್ದರು. ಇಷ್ಟು ದಿನ ಇವಳು ಕಲಿತದ್ದಾದರೂ ಏನು? ಕಲಿಯಲಿಕ್ಕೇ ಹೋಗುತ್ತಿದ್ದಾಳೋ, ಇಲ್ಲಾ...

ಆ ‘ಇಲ್ಲಾ’ದ ಮುಂದೆ ಏನಿದೆಯೆಂದು ಅವರು ತಮಗೆ ತಾವೂ ಹೇಳಿಕೊಳ್ಳಲಿಲ್ಲ. ಸಂಸಾರ ಹೂಡಿದಾಗಿನಿಂದ ಅವಳು ಒಂದು ಸುಳ್ಳು ಹೇಳಿದ್ದು ಅವರಿಗೆ ನೆನಪಿಲ್ಲ. ಆದರೂ ತಲೆಗೆ ಹುಳ ಹೊಕ್ಕಿತ್ತು.

ಹುಳಕ್ಕೆ ಮೇವೂ ಸಿಕ್ಕಿತು. ಈಚೆಗೆ ಅವಳು ಪಾತ್ರೆ ತೊಳೆಯುವಾಗ ಗುನುಗುತ್ತಿದ್ದಳು. ಹಾಡಾದರೂ ಆಗಿದ್ದರೆ ಸರಿ. ಅದು ಹಾಡಲ್ಲ. “ಊಂ... ಊಂಊಂ...” ಎಂದು ಏರುತ್ತಾ ಹೋಗಿ, ಥಟ್ಟನೆ ನಿಂತು, ಮತ್ತೆ ಕೆಳಗಿನಿಂದ ಶುರು. ನಡುನಡುವೆ ತನ್ನಷ್ಟಕ್ಕೆ ನಗು ಬೇರೆ. ಯಾವತ್ತೂ ಗುನುಗದವಳು ಈಗ ಯಾರಿಗೋಸ್ಕರ ಗುನುಗುತ್ತಾಳೆ?

“ಏನೇ ಅದು, ಊಂ ಊಂ ಅಂತ?”

“ಅಯ್ಯೋ, ಹೇಳಿದ್ರೆ ನಗ್ತೀರ. ಬಿಡಿ.”

ಬಿಡುವ ಜಾಯಮಾನ ಅವರದಲ್ಲ. ಮರುದಿನ ಶಾಲೆಗೆ ರಜೆ ಹೇಳಿ, ಅವಳು ಬೀದಿ ದಾಟುವವರೆಗೆ ಕಾದು ಹಿಂದೆಯೇ ಹೊರಟರು. ನಡುವೆ ಅವಳ ನಡಿಗೆ ನಿಧಾನವಾದಾಗ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ನಿಂತು, ಬೇಡದ ಬಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿಗೆ ಅವಳು ತಿರುಗಿದಳು. ನೀರಿನ ಟ್ಯಾಂಕಿನ ಮರೆಗೆ ಸರಿದು ನಿಂತರು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ನೋಡಿ!

ಬಯಲಲ್ಲಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಕಾರು. ಸ್ಟೀರಿಂಗ್ ಮುಂದೆ ಹೆಂಡತಿ, ಪಕ್ಕದಲ್ಲಿ ದಪ್ಪ ಕನ್ನಡಕದ ಟೀಚರಮ್ಮ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆದರೆ ಇದೇನು? ಇಂಜಿನ್ ಓಡುತ್ತಿದೆ, ಕಾರು ನಿಂತಿದೆ, ಒಳಗೆ ಇಬ್ಬರೂ ಕಣ್ಣು ಮುಚ್ಚಿ ಕೂತಿದ್ದಾರೆ! ಸೀದಾ ಹೋಗಿ ಕಿಟಕಿ ಬಡಿದರು.

“ಏನ್ರೀ, ಕಲಿಸ್ತಿದ್ದೀರೋ, ನಿದ್ದೆ ಮಾಡಿಸ್ತಿದ್ದೀರೋ?”

ಹೆಂಡತಿ ಕಣ್ಣು ತೆರೆದಳು. “ನಮ್ಮ ಯಜಮಾನ್ರು,” ಎಂದಳು ಟೀಚರಮ್ಮನಿಗೆ. ಅಷ್ಟೇ.

“ಓ, ಮೇಷ್ಟ್ರಾ! ಬನ್ನಿ, ಹಿಂದೆ ಕೂತ್ಕೊಳ್ಳಿ.”

ಕೂತವರ ಕಣ್ಣು ಮೊದಲು ಹೋದದ್ದು ಸ್ಪೀಡಿನ ಮೀಟರಿಗೆ. ಅದಕ್ಕೆ ಪೇಪರು ಅಂಟಿಸಿತ್ತು. “ಇದ್ಯಾಕೆ?” ಎಂದು ಅನುಮಾನದಿಂದಲೇ ಕೇಳಿದರು.

“ಆ ಮುಳ್ಳು ನೋಡಿದ್ರೆ ಇವರಿಗೆ ಗಾಬರಿ. ನಾನೂ ಮೊದಮೊದಲು ಕ್ಲಚ್ಚು, ಬ್ರೇಕು ಅಂತ ಬಾಯಿ ನೋಯೋ ಹಂಗೆ ಹೇಳ್ದೆ. ಕಾರು ಗಕ್ಕನೆ ನಿಂತುಬಿಡ್ತಿತ್ತು. ಒಂದಿನ ಇವರೇ ಅಂದ್ರು, ಹಾಲು ಉಕ್ಕೋದು ನನಗೆ ಪಕ್ಕದ ರೂಮಿಂದಲೇ ಕೇಳುತ್ತೆ ಅಂತ. ಹಂಗಾದ್ರೆ ಇಂಜಿನ್ನನ್ನೂ ಕೇಳಿಸ್ಕೊಳ್ಳಿ ಅಂದೆ. ನನ್ನ ಹತ್ರ ಒಬ್ಬ ದರ್ಜಿ ಬರ್ತಾನೆ, ಅವನಿಗೆ ಏನೂ ಹೇಳಬೇಕಾಗಿಲ್ಲ, ದಿನವೆಲ್ಲ ಹೊಲಿಗೆ ಮಿಷನ್ ತುಳಿಯೋ ಕಾಲು, ಪೆಡಲ್ ಮೇಲಿಟ್ರೆ ಸಾಕು. ಇನ್ನೊಬ್ಬ ಹುಡುಗಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ತೋರಿಸಬೇಕು.”

“ಯಾವ ಪುಸ್ತಕದಲ್ಲಿದೆ ಇದು?”

“ಪುಸ್ತಕಕ್ಕೆ ಕಾರು ಓಡಿಸೋಕೆ ಬರಲ್ವಲ್ಲ ಮೇಷ್ಟ್ರೇ!” ಟೀಚರಮ್ಮ ನಕ್ಕರು. “ಹೊರಡೋಣಮ್ಮ. ಇವರನ್ನ ಮನೆಗೆ ಬಿಟ್ಟು ಬರೋಣ.”

ಕಾರು ಮೆಲ್ಲಗೆ ಕದಲಿತು. ಇಂಜಿನ್ “ಊಂ” ಎಂದಿತು, ಏರಿತು, ಏರುತ್ತಲೇ ಹೋಯಿತು. ಥಟ್ಟನೆ ಅವಳ ಕೈ ಗೇರಿಗೆ ಹೋಯಿತು, ದನಿ ಇಳಿದು ಮತ್ತೆ ಕೆಳಗಿನಿಂದ ಶುರುವಾಯಿತು. ಮೇಷ್ಟ್ರಿಗೆ ಅಡುಗೆಮನೆಯಿಂದ ಪರಿಚಯವಿದ್ದ ದನಿ ಅದು. ಒಂದು ಗಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರುಗಳಿಗೆಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸೊಂದನ್ನು ಅವಳು ನೀಟಾಗಿ ದಾಟಿದಾಗ “ಭೇಷ್!” ಎಂದೇಬಿಟ್ಟರು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು.

“ನೀವ್ಯಾಕೆ ಬಂದ್ರಿ?” ಅವಳು ಹಿಂದೆ ತಿರುಗದೆ ಕೇಳಿದಳು.

“ಈ ಕಡೆ... ಸ್ವಲ್ಪ ಕೆಲಸ ಇತ್ತು.”

“ದಾರಿಯುದ್ದಕ್ಕೂ ನಿಮ್ಮ ಚಪ್ಪಲಿ ಸದ್ದು ಕೇಳ್ತಾನೇ ಇತ್ತು. ನೀವಲ್ಲ ಅಂದ್ಕೊಂಡೆ. ನೀವ್ಯಾಕೆ ನನ್ನ ಹಿಂದೆ ಕದ್ದು ಬರ್ತೀರಿ ಅಂತ ತಿರುಗಿ ಕೂಡ ನೋಡ್ಲಿಲ್ಲ.”

ಟೀಚರಮ್ಮ ಕಿಟಕಿಯ ಆಚೆ ನೋಡತೊಡಗಿದರು.

ಹಸಿರು ದೀಪ ಬಂತು. ಕಾರು ಒಂದಿಷ್ಟೂ ಅಲುಗದೆ ಹೊರಟಿತು. ಔಷಧಿ ಅಂಗಡಿ ದಾಟಿತು, ಲಾಂಡ್ರಿ ದಾಟಿತು, ಮನೆಯ ತಿರುವು ಬಂತು. ಅವಳು ತಿರುಗಿಸಲಿಲ್ಲ. ತಿರುವು ಹಿಂದಕ್ಕೆ ಹೋಯಿತು, ರಸ್ತೆ ಅಗಲವಾಯಿತು, ಇಂಜಿನ್ನಿನ ದನಿ ಏರಿತು. “ನನ್ನ ಹಿಂದೆ ಬರಬೇಕು ಅಂತಿದ್ರಲ್ಲ, ಬನ್ನಿ,” ಎಂದಳು. ಮೇಷ್ಟ್ರು ಮುಂದಿನ ಸೀಟನ್ನು ಹಿಡಿದು, ಅವಳ ಹೆರಳನ್ನೇ ನೋಡುತ್ತಾ ಕೂತರು.